ನದಿ ಪವಿತ್ರ ಆಗೋದು ಯಾವಾಗ?

ಇವತ್ತಿನ ಪ್ರಶ್ನೆ: ಒಂದು ನದಿ ಜನರಿಗೆ ಪವಿತ್ರ ಅನ್ನಿಸೋದು ಯಾಕೆ? ನಮ್ಮ ಕಾವೇರಿಯನ್ನೇ ತಗೊಳ್ಳೋಣ.

ಅಗಸ್ತ್ಯರ ಕಮಂಡಲದ ಕಥೆ ನಿಮಗೆ ಗೊತ್ತೇ ಇದೆ. ಆದ್ರೆ ಬರೀ ಕಥೆ ಇದ್ರೆ ಸಾಲದು. ಜನ ವರ್ಷಾ ವರ್ಷಾ ಏನು ಮಾಡ್ತಾರೆ ಅನ್ನೋದನ್ನ ನೋಡಬೇಕು.

ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ, ಕೊಡಗಿನ ತಲಕಾವೇರಿಯಲ್ಲಿ ತೀರ್ಥೋದ್ಭವ. ಮುಹೂರ್ತ ಮಧ್ಯರಾತ್ರಿಗೆ ಬಂದ್ರೂ ಸಾವಿರಾರು ಜನ ಚಳಿಯಲ್ಲಿ ಕಾಯ್ತಾರೆ, ತೀರ್ಥ ತುಂಬಿಸಿಕೊಂಡು ಮನೆಗೆ ತರ್ತಾರೆ. ಕೊಡವರ ಮನೆಗಳಲ್ಲಿ ಕಣಿ ಪೂಜೆ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ, ಇವಳೇ ಕಾವೇರಮ್ಮ ಅಂತ ಕೈ ಮುಗೀತಾರೆ. ತಂದಿಟ್ಟ ತೀರ್ಥವನ್ನ ಕೊನೆಯುಸಿರು ಎಳೆಯೋರ ಬಾಯಿಗೂ ಬಿಡ್ತಾರೆ.

ಕೆಳಗೆ ಹೋದ್ರೆ ಶ್ರೀರಂಗಪಟ್ಟಣ, ಶಿವನಸಮುದ್ರ, ತಮಿಳುನಾಡಿನ ಶ್ರೀರಂಗಂ. ಮೂರೂ ನದಿ ನಡುವಿನ ದ್ವೀಪಗಳು, ಮೂರರಲ್ಲೂ ರಂಗನಾಥ. ತಮಿಳರು ಆಡಿ ತಿಂಗಳ 18ನೇ ದಿನ, ಹೊಸ ನೀರು ಏರೋ ಹೊತ್ತಿಗೆ, ಆಡಿಪೆರುಕ್ಕು ಹಬ್ಬ ಮಾಡ್ತಾರೆ. ನೀರಿಗಾಗಿ ಕೋರ್ಟ್ ಮೆಟ್ಟಿಲು ಹತ್ತಿದ ಎರಡೂ ಕಡೆಯವರಿಗೆ ಅವಳು ತಾಯಿನೇ.

ಬಿ.ಕಾಂ. ಓದಿದ ನಂಗೆ ಇದು ಲೆಕ್ಕದ ಪುಸ್ತಕದ ಥರ ಕಾಣುತ್ತೆ. ಪವಿತ್ರ ಅಂದ್ರೆ ಋಣ. ಅನ್ನ, ನೀರು ಕೊಟ್ಟವಳ ಸಾಲ ತೀರಲ್ಲ ಅಂತ ವರ್ಷಕ್ಕೊಂದು ಸಲ ಎಲ್ಲರೂ ಸೇರಿ ಒಪ್ಪಿಕೊಳ್ಳೋದು.

ಆ ಋಣ ಮರೆತ್ರೆ ಏನಾಗುತ್ತೆ? ಬೆಂಗಳೂರಿನ ವೃಷಭಾವತಿ ನೋಡಿ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟುತ್ತೆ ಅನ್ನೋ ನಂಬಿಕೆ ಇದೆ, ದಡದಲ್ಲಿ ಗಾಳಿ ಆಂಜನೇಯನ ಗುಡಿ ಇದೆ. ಕಥೆಗೂ ಕಮ್ಮಿ ಇಲ್ಲ, ದೇವರಿಗೂ ಕಮ್ಮಿ ಇಲ್ಲ. ಆದ್ರೂ ನಾವು ಅದನ್ನ ಕರೆಯೋದು ಮೋರಿ ಅಂತ. ಯಾಕಂದ್ರೆ ಈಗ ಯಾರೂ ಅದರ ನೀರು ಕುಡಿಯಲ್ಲ.

ನಾವು ಕುಡಿಯೋದು ಕಾವೇರಿ. 1974ರಿಂದ ಸುಮಾರು 100 ಕಿ.ಮೀ. ದೂರದಿಂದ ಪಂಪ್ ಆಗಿ ಬರ್ತಾ ಇದೆ. ಬಿಲ್ ಕಟ್ಟಿದ್ರೆ ಲೆಕ್ಕ ಚುಕ್ತಾ ಅನ್ಕೋತೀವಿ. ಆದ್ರೆ ನಮ್ಮ ಕೊಳಚೆ ವೃಷಭಾವತಿಗೆ ಸೇರುತ್ತೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಮೇಕೆದಾಟು ಹತ್ತಿರದ ಸಂಗಮದಲ್ಲಿ ಮತ್ತೆ ಕಾವೇರಿಗೆ. ತೀರ್ಥ ತಗೊಂಡು ನಾವು ವಾಪಸ್ ಕೊಡ್ತಿರೋದು ಇದು.

ಹಾಗಾಗಿ ನದಿಗೆ ಆರತಿ ಎತ್ತೋರನ್ನ ನಾನು ಆಡಿಕೊಳ್ಳಲ್ಲ. ಆದ್ರೆ ಆರತಿ ಮುಗಿದ ಮೇಲೆ ನಮ್ಮ ಏರಿಯಾದ ಕೊಳಚೆ ಎಲ್ಲಿಗೆ ಹೋಗುತ್ತೆ ಅಂತ ಕೇಳೋದೂ ಪೂಜೆಯ ಭಾಗವೇ.

ನಿಮ್ಮ ಮನೆ ನಲ್ಲಿಗೆ ಯಾವ ಹೊಳೆ ನೀರು ಬರುತ್ತೆ? ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.