ಇಳಿಯೋಕೆ ಬಿಡದ ಬಸ್ಸಲ್ಲಿ ಊರು ಕಾಣೋದಿಲ್ಲ

ಇವತ್ತು ರಾಜಕೀಯ ಬೇಡ. ಯಾರು ಕುರ್ಚಿ ಬಿಟ್ಟರು, ಯಾರು ಕುರ್ಚಿ ಹಿಡಿದರು ಅನ್ನೋದನ್ನ ನಾಳೆ ನೋಡೋಣ. ಇವತ್ತು ಬಸ್ಸಿನ ವಿಷಯ.

ರಾಯಚೂರಿನಿಂದ ಒಂದು ಕುಟುಂಬ ಬೆಂಗಳೂರಿಗೆ ಬಂದಿದೆ ಅಂದುಕೊಳ್ಳಿ. ಗಂಡ, ಹೆಂಡತಿ, ವಯಸ್ಸಾದ ತಾಯಿ, ಕಾಲೇಜಿಗೆ ಹೋಗೋ ಮಗ. ಬೆಳಗ್ಗೆ ಆರು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಇಳಿದಿದ್ದಾರೆ. ಆಸ್ಪತ್ರೆಯದೋ, ಕಚೇರಿಯದೋ ಕೆಲಸ ಹತ್ತು ಗಂಟೆಯೊಳಗೆ ಮುಗಿದುಹೋಯಿತು. ವಾಪಸ್ ಬಸ್ಸಿರೋದು ರಾತ್ರಿ ಹತ್ತಕ್ಕೆ. ನಡುವೆ ಹನ್ನೆರಡು ಗಂಟೆ ಕೈಯಲ್ಲಿದೆ. ಮಗ ಕೇಳ್ತಾನೆ, "ಅಪ್ಪಾ, ವಿಧಾನಸೌಧ ನೋಡೋಣ, ಲಾಲ್‌ಬಾಗ್ ನೋಡೋಣ." ಅಪ್ಪ ಜೇಬು ಮುಟ್ಟಿ ನೋಡ್ಕೊಳ್ತಾನೆ. ಆಟೋದವನು ಒಂದು ರೇಟು ಹೇಳ್ತಾನೆ, ಟ್ಯಾಕ್ಸಿಯವನು ಅದರ ಎರಡರಷ್ಟು ಹೇಳ್ತಾನೆ. ಕೊನೆಗೆ ಏನಾಗುತ್ತೆ? ನಾಲ್ಕೂ ಜನ ಬಸ್ ನಿಲ್ದಾಣದ ಕಟ್ಟೆ ಮೇಲೆ ಬ್ಯಾಗು ತಲೆದಿಂಬು ಮಾಡ್ಕೊಂಡು ಹನ್ನೆರಡು ಗಂಟೆ ಕಳೀತಾರೆ.

ತಮ್ಮದೇ ರಾಜ್ಯದ ರಾಜಧಾನಿಗೆ ಬಂದು, ರಾಜಧಾನಿಯನ್ನ ನೋಡದೇ ಹೋಗ್ತಾರೆ. ಯಾಕೆ ಹೀಗಾಗಬೇಕು? ಇದಕ್ಕೆ ದಾರಿ ಇಲ್ವಾ? ಇದೆ. ಪ್ರಪಂಚದ ದೊಡ್ಡ ದೊಡ್ಡ ನಗರಗಳು ಕಂಡುಕೊಂಡಿರೋ ದಾರಿ. ಅದರ ಹೆಸರು ಹಾಪ್ ಆನ್ ಹಾಪ್ ಆಫ್ ಬಸ್. ನಮ್ಮ ಭಾಷೇಲಿ ಹೇಳೋದಾದ್ರೆ ಹತ್ತಿ ಇಳಿಯೋ ಬಸ್. ಒಂದು ಸಲ ಟಿಕೆಟ್ ತಗೊಂಡ್ರೆ ಮುಗೀತು. ಬೇಕಾದ ಕಡೆ ಇಳೀರಿ, ಬೇಕಾದಷ್ಟು ಹೊತ್ತು ನೋಡಿ, ಹಿಂದೆ ಬರೋ ಬಸ್ಸು ಹತ್ತಿ, ಮುಂದಿನ ಜಾಗದಲ್ಲಿ ಮತ್ತೆ ಇಳೀರಿ. ಯಾರೂ ವಿಸಿಲ್ ಊದೋದಿಲ್ಲ. "ಬನ್ನಿ ಬನ್ನಿ, ಟೈಮಾಯ್ತು" ಅಂತ ಯಾರೂ ಕೂಗೋದಿಲ್ಲ.

ಪ್ಯಾಕೇಜ್ ಟೂರಿಗೂ ಇದಕ್ಕೂ ಇರೋ ವ್ಯತ್ಯಾಸ ಇದೇನೇ. ನಮ್ಮ ಬಿಎಂಟಿಸಿಯ ಬೆಂಗಳೂರು ದರ್ಶಿನಿ ಇದೆಯಲ್ಲ, ಮೆಜೆಸ್ಟಿಕ್‌ನಿಂದ ಹೊರಟು ಒಂದು ದಿನದಲ್ಲಿ ಊರು ತೋರಿಸಿ ವಾಪಸ್ ತಂದು ಬಿಡುತ್ತೆ. ಒಳ್ಳೆ ಸೇವೆ, ಎರಡು ಮಾತಿಲ್ಲ. ಆದರೆ ಅಲ್ಲಿ ಗಡಿಯಾರ ಅವರದ್ದು. ನಿಮಗೆ ಲಾಲ್‌ಬಾಗ್‌ನಲ್ಲಿ ಇನ್ನೊಂದು ಗಂಟೆ ಕೂರಬೇಕು ಅನ್ನಿಸಿದ್ರೆ ಕೂರೋ ಹಾಗಿಲ್ಲ. ಹತ್ತಿ ಇಳಿಯೋ ಬಸ್ಸಲ್ಲಿ ಗಡಿಯಾರ ನಿಮ್ಮದು.

ಈಗ ಲಂಡನ್ ನೋಡೋಣ. ಅಲ್ಲಿ ಮಹಡಿ ಮೇಲೆ ಛಾವಣಿ ಇಲ್ಲದ ಬಸ್ಸುಗಳು ದಿನವಿಡೀ ಸುತ್ತುತ್ತಿರುತ್ತವೆ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡ್ರೆ ಇದು ಯಾವ ಅರಮನೆ, ಇದು ಯಾವ ಸೇತುವೆ ಅಂತ ಹೇಳುತ್ತೆ. ಆದರೆ ಟಿಕೆಟ್ ಬೆಲೆ? ಒಬ್ಬರಿಗೆ 30 ಪೌಂಡ್ ದಾಟುತ್ತೆ. ನಮ್ಮ ದುಡ್ಡಲ್ಲಿ ಮೂರು ಸಾವಿರಕ್ಕಿಂತ ಜಾಸ್ತಿ. ಹಾಗಾದ್ರೆ ಇದು ಅಗ್ಗಾನಾ? ಟ್ಯಾಕ್ಸಿಗೆ ಹೋಲಿಸಿದ್ರೆ ಅಗ್ಗ. ಆದರೆ ಅದೇ ರಸ್ತೆಯಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಕೆಂಪು ಬಸ್ಸು ಹೋಗ್ತಿರುತ್ತೆ. ಅದು ಲಂಡನ್ನಿನ ಸಿಟಿ ಬಸ್.

ಆ ಸಿಟಿ ಬಸ್ಸಿನ ಲೆಕ್ಕ ಕೇಳಿ. 2025ರ ದರ ಹೇಳ್ತೀನಿ. ಒಂದು ಸಲ ಹತ್ತಿದ್ರೆ ಒಂದೂಮುಕ್ಕಾಲು ಪೌಂಡ್. ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿ ಹತ್ತಿದ್ರೂ ಮತ್ತೆ ದುಡ್ಡಿಲ್ಲ. ಇಡೀ ದಿನ ಸುತ್ತಿದ್ರೂ 5 ಪೌಂಡ್ 25 ಪೆನ್ನಿ ದಾಟೋದಿಲ್ಲ, ಅಲ್ಲಿಗೆ ಮೀಟರ್ ನಿಂತುಹೋಗುತ್ತೆ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಪುಕ್ಕಟೆ. ನೋಟು ಚಿಲ್ಲರೆ ಮಾತ್ರ ನಡೆಯೋದಿಲ್ಲ, 2014ರಿಂದ ಅಲ್ಲಿನ ಬಸ್ಸಲ್ಲಿ ನಗದು ತಗೊಳ್ಳೋದನ್ನೇ ನಿಲ್ಲಿಸಿದ್ದಾರೆ, ಕಾರ್ಡ್ ತಾಗಿಸಬೇಕು. ಗಂಡ ಹೆಂಡತಿ ಒಂದೊಂದು ಕಾರ್ಡ್ ಇಟ್ಕೊಳ್ಳಿ, ಒಂದೇ ಕಾರ್ಡ್‌ನಲ್ಲಿ ಇಬ್ಬರಿಗೆ ಆಗೋದಿಲ್ಲ.

15ನೇ ನಂಬರ್ ಬಸ್ಸಿನ ಮಹಡಿಯಲ್ಲಿ ಮುಂದಿನ ಸೀಟು ಹಿಡಿದು ಕೂತರೆ ಲಂಡನ್ ಟವರ್ ಕಾಣುತ್ತೆ, ಸೇಂಟ್ ಪಾಲ್ಸ್ ಕೆಥೆಡ್ರಲ್ ಕಾಣುತ್ತೆ, ಪತ್ರಿಕೆಗಳ ಬೀದಿ ಅಂತಲೇ ಹೆಸರಾಗಿದ್ದ ಫ್ಲೀಟ್ ಸ್ಟ್ರೀಟ್ ಕಾಣುತ್ತೆ. ಕಾಣೋದು ಅದೇ ಊರು, ಅದೇ ರಸ್ತೆ. ಕೊಡೋ ದುಡ್ಡು ಮಾತ್ರ ಆರನೇ ಒಂದು ಭಾಗ.

ಹಾಗಂತ ಟೂರ್ ಬಸ್ಸು ದಂಡ ಅಂತ ನಾನು ಹೇಳ್ತಿಲ್ಲ. ಇವತ್ತು ನಮ್ಮ ಎಷ್ಟೋ ಮನೆಗಳ ತಂದೆ ತಾಯಂದಿರು ಮಕ್ಕಳ ಮನೆ ಅಂತ ಲಂಡನ್ನಿಗೆ, ದುಬೈಗೆ, ಸಿಂಗಪುರಕ್ಕೆ ಹೋಗ್ತಾರೆ. ಮಗ ಸೊಸೆ ಕೆಲಸಕ್ಕೆ ಹೋದ್ಮೇಲೆ ನಾಲ್ಕು ಗೋಡೆ ನಡುವೆ ಕೂತು ದಿನ ಎಣಿಸ್ತಾರೆ. ಮಂಡಿ ನೋವು, ಭಾಷೆ ಬಾರದು, ದಾರಿ ತಪ್ಪೋ ಭಯ. ಅಂಥವರಿಗೆ ಈ ಬಸ್ಸು ನಿಜವಾಗ್ಲೂ ವರ. ದಾರಿ ತಪ್ಪೋ ಪ್ರಶ್ನೆಯೇ ಇಲ್ಲ, ಎಲ್ಲಿ ಹತ್ತಿದ್ರೂ ಸುತ್ತಿ ಅಲ್ಲಿಗೇ ಬರುತ್ತೆ. ಅದಕ್ಕೆ ಕೊಡೋ ದುಡ್ಡು ವಸೂಲಾಗಬೇಕು ಅಂದ್ರೆ ನಾಲ್ಕು ಮಾತು ನೆನಪಿಟ್ಕೊಳ್ಳಿ.

ಮೊದಲನೇದು, ಬೆಳಗಿನ ಮೊದಲ ಬಸ್ಸುಗಳಲ್ಲೇ ಹತ್ತಿ. ಮೊದಲ ಸುತ್ತು ಎಲ್ಲೂ ಇಳೀಬೇಡಿ. ಇಡೀ ಊರು ಒಮ್ಮೆ ಕಣ್ಣಲ್ಲಿ ತುಂಬ್ಕೊಳ್ಳಿ. ಎಲ್ಲಿ ಇಳೀಬೇಕು ಅನ್ನೋದು ಎರಡನೇ ಸುತ್ತಿಗೆ ತಾನಾಗೇ ಗೊತ್ತಾಗುತ್ತೆ.

ಎರಡನೇದು, ಟಿಕೆಟ್ ಒಂದು ದಿನದ್ದಾ, 24 ಗಂಟೆಯದ್ದಾ ಕೇಳಿ. ಎರಡೂ ಒಂದೇ ಅಲ್ಲ. ಒಂದು ದಿನದ್ದು ಅಂದ್ರೆ ಆವತ್ತು ಸಂಜೆಗೆ ಮುಗೀತು. 24 ಗಂಟೆಯದ್ದು ಅಂದ್ರೆ ಇವತ್ತು ಮಧ್ಯಾಹ್ನ ಹತ್ತಿದ್ರೆ ನಾಳೆ ಮಧ್ಯಾಹ್ನದವರೆಗೂ ನಡೆಯುತ್ತೆ.

ಮೂರನೇದು, ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಮೊದಲೇ ಕೇಳಿ. ಟೂರ್ ಬಸ್ಸುಗಳು ಸಂಜೆಗೇ ನಿಂತುಹೋಗ್ತವೆ. ಊರಿನ ಇನ್ನೊಂದು ತುದೀಲಿ ಸಿಕ್ಕಿಹಾಕ್ಕೊಂಡ್ರೆ ಉಳಿಸಿದ ದುಡ್ಡೆಲ್ಲ ಟ್ಯಾಕ್ಸಿಯವನ ಪಾಲು.

ನಾಲ್ಕನೇದು, ಬಸ್ ಟಿಕೆಟ್ ಬೇರೆ, ಒಳಗೆ ಹೋಗೋ ಟಿಕೆಟ್ ಬೇರೆ. ರಜೆ ದಿನಾನೂ ನೋಡ್ಕೊಳ್ಳಿ. ದೆಹಲಿಯ ಕೆಂಪುಕೋಟೆಗೆ ಸೋಮವಾರ ರಜೆ, ಆಗ್ರಾದ ತಾಜ್‌ಮಹಲಿಗೆ ಶುಕ್ರವಾರ, ನಮ್ಮ ಮೈಸೂರು ಮೃಗಾಲಯಕ್ಕೆ ಮಂಗಳವಾರ. ಗೇಟಿನ ಮುಂದೆ ನಿಂತು ಬೀಗ ನೋಡ್ಕೊಂಡು ಬರೋದಕ್ಕೆ ಅಷ್ಟು ದೂರ ಹೋಗಬೇಕಾ?

ಇನ್ನೊಂದು ಮಾತು. ಲಂಡನ್ನಿನಲ್ಲಿ ಪಾರ್ಲಿಮೆಂಟ್ ಹತ್ತಿರ ಇಳಿದು, ಸೇತುವೆ ದಾಟಿ, ಥೇಮ್ಸ್ ನದಿ ದಂಡೆ ಹಿಡಿದು ಲ್ಯಾಂಬೆತ್ ಸೇತುವೆ ಕಡೆ ನಡೆದು ಹೋಗಿ. ಅಲ್ಲಿ ಬಸವಣ್ಣ ಇದ್ದಾರೆ. 2015ರ ನವೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪ್ರತಿಮೆ. ನದಿಯ ಆಚೆ ಬ್ರಿಟನ್ನಿನ ಪಾರ್ಲಿಮೆಂಟು, ಈಚೆ ಅನುಭವ ಮಂಟಪದ ಬಸವಣ್ಣ. ಬಸ್ಸಲ್ಲೇ ಕೂತವರಿಗೆ ಈ ದೃಶ್ಯ ಸಿಗೋದಿಲ್ಲ. ಇಳಿದು ನಡೆದವರಿಗೆ ಸಿಗುತ್ತೆ. ಊರು ನೋಡೋದು ಅಂದ್ರೆ ಇಳಿಯೋದು, ಸ್ವಾಮಿ.

ಸರಿ, ವಾಪಸ್ ನಮ್ಮೂರಿಗೆ ಬರೋಣ. ನಮ್ಮ ಊರುಗಳಲ್ಲಿ ಇಂಥ ಬಸ್ಸು ಅಂದ ತಕ್ಷಣ ಏನಾಗುತ್ತೆ? ಒಂದೆರಡು ಹೊಸ ಬಸ್ಸು ತರಿಸ್ತಾರೆ, ಬಣ್ಣ ಬಳೀತಾರೆ, ಹಸಿರು ಬಾವುಟ ತೋರಿಸ್ತಾರೆ, ಫೋಟೋ ತೆಗೆಸ್ಕೊಳ್ತಾರೆ. ಆಮೇಲೆ? ಇದು ಸಿಂಪಲ್ ಲೆಕ್ಕ ವೀಕ್ಷಕರೇ. ಒಂದು ಸುತ್ತಿಗೆ ಎರಡು ಗಂಟೆ ಬೇಕು ಅಂದುಕೊಳ್ಳಿ. ಇರೋದು ಎರಡೇ ಬಸ್ಸು ಅಂದ್ರೆ ಪ್ರತಿ ನಿಲ್ದಾಣಕ್ಕೆ ಗಂಟೆಗೊಂದು ಬಸ್ಸು ಬರುತ್ತೆ. ಇಳಿದವನು ಸರಾಸರಿ ಅರ್ಧ ಗಂಟೆ ಬಿಸಿಲಲ್ಲಿ ಕಾಯಬೇಕು. ಆರು ಕಡೆ ಇಳಿದ್ರೆ ಮೂರು ಗಂಟೆ ಕಾಯೋದರಲ್ಲೇ ಹೋಯ್ತು! ಕಾಲು ಗಂಟೆಗೊಂದು ಬಸ್ಸು ಬರಬೇಕಾದ್ರೆ ಅದೇ ಸುತ್ತಿಗೆ ಎಂಟು ಬಸ್ಸು ಬೇಕು. ಈ ಲೆಕ್ಕ ಹಾಕದೇ ಬಸ್ಸು ಬಿಡ್ತಾರೆ, ಖಾಲಿ ಓಡಿಸ್ತಾರೆ, ಕೊನೆಗೆ "ಜನ ಬರೋದಿಲ್ಲ" ಅಂತ ಜನರ ಮೇಲೇ ಗೂಬೆ ಕೂರಿಸ್ತಾರೆ.

ಆದರೆ ಐದು ಹತ್ತು ನಿಮಿಷಕ್ಕೊಂದು ಬಸ್ಸು ಬರೋ ರಸ್ತೆಗಳು ನಮ್ಮಲ್ಲಿ ಇಲ್ವಾ? ಇವೆ! ಬಿಎಂಟಿಸಿ ಹತ್ತಿರ ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಿವೆ. ದಿನದ ಪಾಸು ಇದೆ. 2025ರ ಜನವರಿಯಲ್ಲಿ ದರ ಏರಿದ ಮೇಲೆ ಸಾಮಾನ್ಯ ಬಸ್ಸಿನ ದಿನದ ಪಾಸಿಗೆ 80 ರೂಪಾಯಿ. ಗುರುತಿನ ಚೀಟಿ ಜೊತೆಗಿರಲಿ. ಎಷ್ಟು ಸಲ ಬೇಕಾದ್ರೂ ಹತ್ತಿ, ಎಷ್ಟು ಸಲ ಬೇಕಾದ್ರೂ ಇಳೀರಿ. ಇನ್ನು ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಹಾಗಾದ್ರೆ ರಾಯಚೂರಿನ ಆ ಕುಟುಂಬಕ್ಕೆ ಎಷ್ಟಾಯ್ತು? ಅಪ್ಪ ಮಗನಿಗೆ 160 ರೂಪಾಯಿ. ಅತ್ತೆ ಸೊಸೆಗೆ ಸೊನ್ನೆ. ನಾಲ್ಕು ಜನಕ್ಕೆ ಇಡೀ ದಿನ, ನೂರರವತ್ತು ರೂಪಾಯಿ!

ಎಲ್ಲಿಗೆ ಹೋಗಬೇಕು? ಮೆಜೆಸ್ಟಿಕ್‌ನಲ್ಲಿ ಹತ್ತಿ ವಿಧಾನಸೌಧದ ಮುಂದೆ ಇಳೀರಿ. ಕೆಂಗಲ್ ಹನುಮಂತಯ್ಯನವರ ಕನಸು, 1956ರಲ್ಲಿ ಎದ್ದು ನಿಂತ ಕಟ್ಟಡ. ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ಇವತ್ತಿನ ಹೈಕೋರ್ಟ್. ಅದರ ಹಿಂದೆ ಕಬ್ಬನ್ ಪಾರ್ಕ್, ಟಿಕೆಟ್ ಇಲ್ಲ. ಮರದ ನೆರಳಲ್ಲೇ ನಡ್ಕೊಂಡು ಕಸ್ತೂರ್‌ಬಾ ರಸ್ತೆಗೆ ಬಂದ್ರೆ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಮಗನಿಗೆ ಅಲ್ಲಿಂದ ಹೊರಗೆ ಬರೋಕೆ ಮನಸ್ಸಾಗೋದಿಲ್ಲ. ಮತ್ತೆ ಬಸ್ಸು ಹತ್ತಿ, ಕೆ.ಆರ್. ಮಾರ್ಕೆಟ್. ಹೂವಿನ ರಾಶಿ ನೋಡಿ, ಪಕ್ಕದಲ್ಲೇ 1791ರಲ್ಲಿ ಮುಗಿದ ಟಿಪ್ಪುವಿನ ಮರದ ಅರಮನೆ, ಅದಕ್ಕಂಟಿಕೊಂಡೇ ಕೋಟೆ ವೆಂಕಟರಮಣ ದೇವಸ್ಥಾನ. ಮತ್ತೆ ಬಸ್ಸು, ಲಾಲ್‌ಬಾಗ್. 240 ಎಕರೆ ತೋಟ, ಗಾಜಿನ ಮನೆ, ಬಂಡೆ ಮೇಲೆ ಕೆಂಪೇಗೌಡರ ಗೋಪುರ. ಮತ್ತೆ ಬಸ್ಸು, ಬಸವನಗುಡಿ. ದೊಡ್ಡ ಗಣಪತಿ, ದೊಡ್ಡ ಬಸವಣ್ಣ, ಗಾಂಧಿ ಬಜಾರಲ್ಲಿ ಒಂದು ಮಸಾಲೆ ದೋಸೆ. ರಾತ್ರಿ ಎಂಟಕ್ಕೆ ಮೆಜೆಸ್ಟಿಕ್. ಭಾನುವಾರ ಆದ್ರೆ ಟ್ರಾಫಿಕ್ಕೂ ಕಮ್ಮಿ.

ಮೈಸೂರಿಗೂ ಇದೇ ಮಾತು. ದಸರಾ ದೀಪಾಲಂಕಾರ ನೋಡೋಕೆ ಅಂಬಾರಿ ಬಸ್ಸಿನ ಮಹಡಿ ಸೀಟಿಗೆ ಜನ ಮುಗಿಬೀಳ್ತಾರೆ, ಸಂತೋಷ. ಆದರೆ ಭಾನುವಾರ ಸಂಜೆ ಏಳಕ್ಕೆ ಅರಮನೆ ದೀಪ ಹತ್ತೋದನ್ನ ನೋಡೋಕೆ ಸಿಟಿ ಬಸ್ಸಲ್ಲಿ ಬಂದ್ರೂ ಆಗುತ್ತೆ. ನಿಲ್ದಾಣ ಅರಮನೆ ಪಕ್ಕದಲ್ಲೇ ಇದೆ. ಚಾಮುಂಡಿ ಬೆಟ್ಟಕ್ಕೂ ಅಲ್ಲಿಂದಲೇ ಬಸ್ಸು.

ಬಸ್ಸಿದೆ, ಪಾಸಿದೆ, ನೋಡೋ ಜಾಗ ಇದೆ. ಏನಿಲ್ಲ ಹಾಗಾದ್ರೆ? ಹೇಳೋರಿಲ್ಲ! ಮೆಜೆಸ್ಟಿಕ್‌ನಲ್ಲಿ ಇಳಿದ ಆ ತಾಯಿಗೆ ಯಾವ ಪ್ಲಾಟ್‌ಫಾರಂಗೆ ಹೋಗಬೇಕು, ಯಾವ ನಂಬರ್ ಹತ್ತಬೇಕು, ಎಲ್ಲಿ ಇಳೀಬೇಕು ಅಂತ ಯಾರು ಹೇಳ್ತಾರೆ? ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, "ಒಂದು ದಿನದಲ್ಲಿ ಬೆಂಗಳೂರು" ಅಂತ ಒಂದು ನಕ್ಷೆಯನ್ನ ಗೋಡೆ ಮೇಲೆ ಹಾಕೋಕೆ ಎಷ್ಟು ಕೋಟಿ ಬೇಕು? ಪಾಸಿನ ಹಿಂಬದಿಯಲ್ಲಿ ಆರು ಜಾಗದ ಹೆಸರು, ಆರು ಬಸ್ಸಿನ ನಂಬರ್ ಅಚ್ಚು ಹಾಕೋಕೆ ಯಾವ ಟೆಂಡರ್ ಬೇಕು? ಇದು ಪ್ರವಾಸೋದ್ಯಮ ಇಲಾಖೆಯೂ ಸಾರಿಗೆ ಇಲಾಖೆಯೂ ಒಂದು ಮೇಜಿನ ಮುಂದೆ ಕೂತರೆ ಮುಗಿಯೋ ಕೆಲಸ.

ಕೊನೇ ಮಾತು. ಬಸ್ಸು ಉಚಿತ ಆದಾಗ ಎಷ್ಟೋ ಜನ ನಕ್ಕರು. "ಹೆಂಗಸರೆಲ್ಲ ಮನೆ ಬಿಟ್ಟು ಊರು ಸುತ್ತೋಕೆ ಹೊರಟ್ರು" ಅಂದರು. ಯೋಜನೆಯ ಖರ್ಚು, ನಿಗಮಗಳ ನಷ್ಟ, ಅದನ್ನ ಚರ್ಚೆ ಮಾಡೋಣ, ಮಾಡಲೇಬೇಕು. ಆದರೆ ಊರು ಸುತ್ತೋದು ಯಾವಾಗಿಂದ ತಪ್ಪಾಯ್ತು ವೀಕ್ಷಕರೇ? ದೇಶ ಸುತ್ತಬೇಕು, ಕೋಶ ಓದಬೇಕು ಅಂತ ಹೇಳಿದ್ದು ನಮ್ಮ ಹಿರಿಯರೇ ಅಲ್ವಾ? ದುಡ್ಡಿದ್ದವನು ಸುತ್ತಿದ್ರೆ ಅದು ಪ್ರವಾಸ, ಬಡವರ ಮನೆ ಹೆಣ್ಣುಮಗಳು ಸುತ್ತಿದ್ರೆ ಅದು ಕೆಲಸವಿಲ್ಲದ ಅಲೆದಾಟ! ಇದ್ಯಾವ ನ್ಯಾಯ?

ವಿಧಾನಸೌಧ ಆ ರಾಯಚೂರಿನ ತಾಯಿಯದ್ದೂ ಹೌದು. ಅದನ್ನ ಟಿವಿಯಲ್ಲಿ ಮಾತ್ರ ನೋಡಿ ಅವರು ಸಾಯಬಾರದು. ಈ ಭಾನುವಾರ ನೀವೂ ಒಂದು ಪಾಸು ತಗೊಳ್ಳಿ. ಮನೆಯಲ್ಲಿರೋ ಹಿರಿಯರನ್ನ ಕರ್ಕೊಂಡು ಹೋಗಿ. ದಾರೀಲಿ ಯಾರಾದ್ರೂ ಬ್ಯಾಗು ಹಿಡ್ಕೊಂಡು "ಲಾಲ್‌ಬಾಗ್‌ಗೆ ಯಾವ ಬಸ್ಸಪ್ಪಾ" ಅಂತ ಕೇಳಿದ್ರೆ ಕೈ ತೋರಿಸಿ ಸುಮ್ಮನಾಗಬೇಡಿ, ಬಸ್ಸು ಹತ್ತಿಸಿ ಬನ್ನಿ. ಸರ್ಕಾರ ನಕ್ಷೆ ಹಾಕೋವರೆಗೂ ಆ ನಕ್ಷೆ ನಾವೇ ಆಗೋಣ.