ಕರೆಂಟಿಗೂ ಲೆಕ್ಕ ಬೇಕು



1999ರ ಸುಧಾರಣಾ ಕಾಯ್ದೆಯಿಂದ ಹಳೇ ವಿದ್ಯುಚ್ಛಕ್ತಿ ಮಂಡಳಿ ಹೋಗಿ ನಿಗಮ ಬಂತು, ದರ ನಿಗದಿಗೆ ಆಯೋಗ ಬಂತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಾವೆಲ್ಲ ಈಗ ಚಾಮುಂಡೇಶ್ವರಿ ನಿಗಮದ ಗ್ರಾಹಕರು. ಬೋರ್ಡು ಬದಲಾಯ್ತು, ಸರಿ. ಸುಧಾರಣೆ ಉಳಿಯೋದು ಲೆಕ್ಕದಿಂದ.

2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ನಾವು ರೈತರು, ಬೇಡ ಅನ್ನೋದಿಲ್ಲ. ಆದರೆ ನಮ್ಮ ಬಾಬ್ತು ಸರ್ಕಾರ ಕಟ್ಟಬೇಕಲ್ಲ? 2003ರ ಕೇಂದ್ರ ಕಾಯ್ದೆ ಪ್ರಕಾರ ಆ ಸಹಾಯಧನ ಮುಂಗಡವಾಗಿ ಬರಬೇಕು. ತಡವಾದರೆ ನಿಗಮಕ್ಕೆ ಸಾಲ, ಸುಟ್ಟ ಟಿ.ಸಿ. ಬದಲಾಗೋದೂ ತಡ, ನಾಟಿ ಮಾಡಿದ ಗದ್ದೆ ಬಾಯಿ ಬಿಡುತ್ತೆ.

ಮೀಟರ್ ಇಲ್ಲದ ಪಂಪ್‌ಸೆಟ್ ಎಷ್ಟು ಯೂನಿಟ್ ಎಳೀತು ಅನ್ನೋದು ಬರೀ ಅಂದಾಜು. ಕಳ್ಳತನ, ತಂತಿಯ ನಷ್ಟ ಎಲ್ಲವೂ ರೈತನ ತಲೆಗೇ ಬರಬಹುದು. ಸಂಘದ ಲೆಡ್ಜರಿನಲ್ಲಿ ಅಂದಾಜು ಬರೆದರೆ ಆಡಿಟರು ಬಿಡ್ತಾರಾ? ಮೀಟರ್ ಹಾಕಿದರೆ ನಾಳೆ ಬಿಲ್ಲೂ ಬಂದೀತು ಅನ್ನೋ ನಮ್ಮವರ ಹೆದರಿಕೆ ಸುಳ್ಳಲ್ಲ. ಅದಕ್ಕೇ ಮನೆಮನೆಗೆ ಬೇಡ, ಟಿ.ಸಿ.ಗೊಂದು ಇರಲಿ ಅಂತೀವಿ.

ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಸಹಕಾರ ಸಂಘವೇ ಕರೆಂಟು ಹಂಚುತ್ತೆ. ನಾವು ಅಷ್ಟು ದೂರ ಹೋಗೋದು ಬೇಡ. ಮುಂದಿನ ಗ್ರಾಹಕರ ಸಭೆಯಲ್ಲಿ ನಮ್ಮೂರ ಟಿ.ಸಿ. ಲೆಕ್ಕ ಕೇಳೋಣ, ಸಂಘದ ನೋಟೀಸ್ ಬೋರ್ಡಿನಲ್ಲಿ ಜಾಗ ಇದೆ.