ಮನಸ್ಸಿನ ಬಿಕ್ಕಟ್ಟು, ನೆರವಿನ ಬೆಲೆ: ತಕಾನಿನಿಯ ಕನ್ನಡಿಗರಿಗೆ ಕೆಲವು ಮಾತು



ಆಕ್ಲೆಂಡಿನ ದಕ್ಷಿಣ ಅಂಚಿನಲ್ಲಿ, ಮನುರೆವಾ ಮತ್ತು ಪಾಪಕುರಾಗಳ ನಡುವೆ ಇರುವ ತಕಾನಿನಿ ಈಚಿನ ದಶಕಗಳಲ್ಲಿ ವಲಸಿಗರ ಊರಾಗಿ ಬೆಳೆದಿದೆ. 2005ರಲ್ಲಿ ತೆರೆದ ಶ್ರೀ ಕಲ್ಗೀಧರ್ ಸಾಹಿಬ್ ಗುರುದ್ವಾರ ಈ ಊರಿನ ಗುರುತು. ಕೋವಿಡ್ ದಿಗ್ಬಂಧನದ ದಿನಗಳಲ್ಲಿ ಅದರ ಆವರಣದಿಂದ ಸಾವಿರಾರು ಆಹಾರದ ಪೊಟ್ಟಣಗಳು ಹಂಚಿಕೆಯಾದವು. ಪಡೆದವರ ಧರ್ಮವನ್ನಾಗಲಿ ವೀಸಾವನ್ನಾಗಲಿ ಯಾರೂ ಕೇಳಲಿಲ್ಲ. ಹಸಿವೆಯನ್ನು ಹೀಗೆ ಸಾಲಿನಲ್ಲಿ ನಿಂತು ಹೇಳಿಕೊಳ್ಳಬಲ್ಲ ಜನ, ಮನೆಯಲ್ಲೊಬ್ಬರ ಮನಸ್ಸು ಕುಸಿದಾಗ ಮಾತ್ರ ಕಿಟಕಿಯ ಪರದೆ ಎಳೆದುಕೊಳ್ಳುತ್ತಾರೆ. ಕನ್ನಡದ ಮನೆಗಳೂ ಇದಕ್ಕೆ ಹೊರತಲ್ಲ.

ಪರದೆ ಎಳೆಯುವುದಕ್ಕೆ ಕಾರಣ ಎರಡು. ಒಂದು ಮಾನ, ಇನ್ನೊಂದು ಹಣ. ಮಾನದ ಬಗ್ಗೆ ಭಾಷಣಗಳು ಬೇಕಾದಷ್ಟು ಆಗಿವೆ. ಹಣದ ಬಗ್ಗೆ ಮಾತಾಡಿದವರು ಕಡಿಮೆ. ಖಾಸಗಿ ಮನಃಶಾಸ್ತ್ರಜ್ಞರ ಒಂದು ಭೇಟಿಗೆ 200 ಡಾಲರ್ ದಾಟುವುದು ಇಲ್ಲಿ ಅಪರೂಪವಲ್ಲ. ಆ ಅಂಕಿ ಕಿವಿಗೆ ಬಿದ್ದ ಕುಟುಂಬ, ನೆರವೆಲ್ಲವೂ ಅದೇ ಬೆಲೆಯದೆಂದು ತಿಳಿದು ಅತ್ಯಂತ ಅಪಾಯದ ರಾತ್ರಿಯಲ್ಲೂ ಫೋನ್ ಎತ್ತದೆ ಕೂರುತ್ತದೆ. ಇದು ತಪ್ಪು ಲೆಕ್ಕ. ನ್ಯೂಜಿಲೆಂಡಿನಲ್ಲಿ ಆ ರಾತ್ರಿಯ ನೆರವು ಬಹುಪಾಲು ಉಚಿತ. ದುಬಾರಿಯಾಗುವುದು ಅದಕ್ಕೆ ಮುಂಚಿನ ತಿಂಗಳುಗಳು, ಅದರ ಆಮೇಲಿನ ತಿಂಗಳುಗಳು.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಗಂಡನಿಗೆ ಗೋದಾಮಿನಲ್ಲಿ ರಾತ್ರಿಪಾಳಿ. ಹೆಂಡತಿ ಆರು ವಾರದ ಬಾಣಂತಿ. ಎಣ್ಣೆನೀರು ಹಾಕುವ ತಾಯಿ ಹಾಸನದಲ್ಲಿದ್ದಾರೆ, ಬಂದುಹೋಗುವ ನೆಂಟರಿಲ್ಲ. ನಾಲ್ಕು ರಾತ್ರಿಗಳಿಂದ ನಿದ್ದೆಯಿಲ್ಲದ ಆಕೆ, ಮಗುವಿಗೆ ಯಾರೋ ಕೇಡು ಬಗೆಯುತ್ತಿದ್ದಾರೆ ಎನ್ನುತ್ತಾಳೆ, ತಾನು ಬದುಕಿರಬಾರದು ಎನ್ನುತ್ತಾಳೆ. ಇದು ದೃಷ್ಟಿಯಲ್ಲ, ಹಟವಲ್ಲ. ಹೆರಿಗೆಯ ನಂತರ ಕೆಲವರನ್ನು ಹಠಾತ್ತನೆ ಹಿಡಿಯುವ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ. ಬೆಳಗಾಗಲಿ ಎಂದು ಕಾಯುವಂಥದ್ದಲ್ಲ.

ಇಂಥ ಹೊತ್ತಿನಲ್ಲಿ ಜೀವಕ್ಕೆ ಅಪಾಯವಿದ್ದರೆ 111ಕ್ಕೆ ಕರೆ ಮಾಡಬೇಕು. ‘ಜೀವಾಪಾಯವಿದೆ’ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಬೇಕು. 2024ರ ನವೆಂಬರಿನಿಂದ ಪೊಲೀಸರು ಮಾನಸಿಕ ಆರೋಗ್ಯದ ಕರೆಗಳಿಂದ ಹಂತಹಂತವಾಗಿ ಹಿಂದೆ ಸರಿಯುತ್ತಿದ್ದಾರೆ. ಅಪಾಯದ ತೀವ್ರತೆ ಸ್ಪಷ್ಟವಾಗದಿದ್ದರೆ ಅವರು ಬಾರದೆ ಇರಬಹುದು. ಕರೆತರಲು ಸಾಧ್ಯವಿದ್ದರೆ ಓಟಾಹುಹುವಿನ ಮಿಡಲ್‌ಮೋರ್ ಆಸ್ಪತ್ರೆಯ ತುರ್ತು ವಿಭಾಗ ಹಗಲಿರುಳೂ ತೆರೆದಿರುತ್ತದೆ. ದಕ್ಷಿಣ ಆಕ್ಲೆಂಡಿನ ಮಾನಸಿಕ ಆರೋಗ್ಯದ ಒಳರೋಗಿ ಘಟಕ ತಿಯಾಹೊ ಮಾಯ್ ಇರುವುದೂ ಅಲ್ಲಿಯೇ. ಆಂಬ್ಯುಲೆನ್ಸಿನ ಬಿಲ್ಲು ಆಮೇಲೆ ಮನೆಗೆ ಬರಬಹುದು. ಅದಕ್ಕೆ ಹೆದರಿ ಕರೆಯನ್ನು ತಡೆಯಬಾರದು.

ಅಷ್ಟು ತುರ್ತಿಲ್ಲ, ಆದರೆ ಭಯವಿದೆ ಎನ್ನುವಾಗ 1737ಕ್ಕೆ ಕರೆ ಮಾಡಬಹುದು ಇಲ್ಲವೇ ಸಂದೇಶ ಕಳಿಸಬಹುದು. ತರಬೇತಾದ ಆಪ್ತಸಮಾಲೋಚಕರು ದಿನದ 24 ಗಂಟೆಯೂ ಇರುತ್ತಾರೆ, ಹಣವಿಲ್ಲ. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಗಾಬರಿಗೊಂಡ ಗಂಡ ಅಥವಾ ಪಕ್ಕದ ಮನೆಯವರೂ ಮಾಡಬಹುದು. ‘ಸಾಯಬೇಕೆನಿಸುತ್ತಿದೆಯೇ’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳಿದವರು ಸಿಕ್ಕರೆಂಬ ನಿರಾಳವೇ ಹೆಚ್ಚು. ಉತ್ತರ ಹೌದಾದರೆ ನೆರವು ಬರುವವರೆಗೆ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು.

ಭಾಷೆಯ ತೊಡಕೂ ದೊಡ್ಡದು. ಕಚೇರಿಯಲ್ಲಿ ಇಂಗ್ಲಿಷ್ ಸಲೀಸಾಗಿ ಆಡುವವರಿಗೂ ದುಃಖ ಬರುವುದು ತಾಯ್ನುಡಿಯಲ್ಲಿಯೇ. 1996ರಲ್ಲಿ ಜಾರಿಗೆ ಬಂದ ಆರೋಗ್ಯ ಸೇವೆಗಳ ಬಳಕೆದಾರರ ಹಕ್ಕುಗಳ ಸಂಹಿತೆಯಲ್ಲಿ ಹತ್ತು ಹಕ್ಕುಗಳಿವೆ. ಅವುಗಳಲ್ಲಿ ಐದನೆಯದು, ಅಗತ್ಯವಿದ್ದು ಸಾಧ್ಯವಾಗುವ ಕಡೆ ಸಮರ್ಥ ದುಭಾಷಿಯನ್ನು ಪಡೆಯುವ ಹಕ್ಕನ್ನು ಒಳಗೊಂಡಿದೆ. ಎಂಟನೆಯದು ಬೆಂಬಲಕ್ಕೊಬ್ಬರನ್ನು ಜೊತೆಗಿರಿಸಿಕೊಳ್ಳುವ ಹಕ್ಕು. ‘ಭಾರತೀಯರು’ ಎಂದಾಕ್ಷಣ ಹಿಂದಿಯವರನ್ನು ಕರೆಸುವುದುಂಟು, ಆದ್ದರಿಂದ ಕನ್ನಡವೆಂದು ಹೆಸರಿಟ್ಟೇ ಕೇಳಬೇಕು. ಹತ್ತು ವರ್ಷದ ಮಗನನ್ನು ತಾಯಿಯ ಸಂಕಟಕ್ಕೆ ದುಭಾಷಿಯಾಗಿ ನಿಲ್ಲಿಸುವುದು ಆ ಮಗುವಿಗೂ ಅನ್ಯಾಯ.

ಆಸ್ಪತ್ರೆಯ ನೆರವು ಎಲ್ಲರಿಗೂ ಒಂದೇ ಸಮನಾಗಿ ಉಚಿತವಲ್ಲ ಎಂಬ ಕಹಿಸತ್ಯವನ್ನೂ ಹೇಳಬೇಕು. ಪೌರರು, ನಿವಾಸಿಗಳು, ಎರಡು ವರ್ಷ ಅಥವಾ ಹೆಚ್ಚಿನ ಅವಧಿಯ ಕೆಲಸದ ವೀಸಾ ಉಳ್ಳವರು ಸರ್ಕಾರಿ ಆರೋಗ್ಯಸೇವೆಗೆ ಅರ್ಹರು. ವಿದ್ಯಾರ್ಥಿಗಳು ಕಡ್ಡಾಯ ವಿಮೆಯನ್ನು ನೆಚ್ಚಬೇಕು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಸಂದರ್ಶಕ ವೀಸಾದಲ್ಲಿ ಬಂದು ಆರು ತಿಂಗಳು ನಾಲ್ಕು ಗೋಡೆಗಳ ನಡುವೆ ಕಳೆಯುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಅರ್ಹರಲ್ಲ. ಅವರಿಗೆ ಕೊಳ್ಳುವ ವಿಮೆ ಮಾನಸಿಕ ಕಾಯಿಲೆಯನ್ನು ಒಳಗೊಂಡಿದೆಯೇ ಎಂದು ವಿಮಾನದ ಟಿಕೆಟ್ಟಿಗೆ ಮೊದಲೇ ಓದಬೇಕು. ಆದರೆ 1737 ಯಾರ ವೀಸಾವನ್ನೂ ಕೇಳುವುದಿಲ್ಲ.

ವೀಸಾದ ಭಯ ಕೇವಲ ಭ್ರಮೆಯಲ್ಲ. ಕಾಯಂ ನಿವಾಸಕ್ಕೆ ಅರ್ಜಿ ಹಾಕುವವರ ಆರೋಗ್ಯದ ಮಾನದಂಡದಲ್ಲಿ, ಸರ್ಕಾರಕ್ಕೆ ಹೆಚ್ಚಿನ ವೆಚ್ಚ ತರುವವೆಂದು ಪರಿಗಣಿಸುವ ಕಾಯಿಲೆಗಳ ಪಟ್ಟಿಯಿದೆ. ಆಸ್ಪತ್ರೆಗೆ ದಾಖಲಾಗಬೇಕಾಗಿ ಬಂದ ಗಂಭೀರ ಮಾನಸಿಕ ಕಾಯಿಲೆ ಅದರಲ್ಲಿ ಸೇರಿದೆ. ಇದರ ವಿಪರ್ಯಾಸವನ್ನು ಗಮನಿಸಬೇಕು. ಖಿನ್ನತೆಯನ್ನು ಮೊದಲೇ ಹೇಳಿಕೊಂಡವರು ಬಹುಮಟ್ಟಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಗುಣವಾಗುತ್ತಾರೆ. ಹೆದರಿ ಮುಚ್ಚಿಟ್ಟವರೇ ಕೊನೆಗೆ ಒಳರೋಗಿಗಳಾಗುತ್ತಾರೆ. ಬೇಗ ನೆರವು ಪಡೆಯುವುದು ಕಾಯಿಲೆಯ ದೃಷ್ಟಿಯಿಂದಲೂ ವೀಸಾದ ದೃಷ್ಟಿಯಿಂದಲೂ ಜಾಣತನ. ಅನುಮಾನವಿದ್ದವರು ಉಚಿತವಾಗಿ ಕಾನೂನು ಸಲಹೆ ನೀಡುವ ಕಮ್ಯುನಿಟಿ ಲಾ ಕೇಂದ್ರಗಳಲ್ಲಿ ವಿಚಾರಿಸಬಹುದು. ಜನರನ್ನು ಮೌನಕ್ಕೆ ದೂಡುವ ನಿಯಮವನ್ನು ಪ್ರಶ್ನಿಸುವುದು ಪ್ರಗತಿಪರರೆನಿಸಿಕೊಂಡವರ ಕೆಲಸ.

ಹಾಗಾದರೆ ಬೇಗ ಪಡೆಯುವ, ಕೈಗೆಟಕುವ ನೆರವು ಎಲ್ಲಿದೆ? ಮೊದಲ ಬಾಗಿಲು ಕುಟುಂಬ ವೈದ್ಯರು, ಅಂದರೆ ಜಿಪಿ. ಹಲವು ಚಿಕಿತ್ಸಾಲಯಗಳಲ್ಲಿ ಈಗ ಹೆಲ್ತ್ ಇಂಪ್ರೂವ್‌ಮೆಂಟ್ ಪ್ರಾಕ್ಟೀಷನರ್ ಎಂಬ ಮಾನಸಿಕ ಆರೋಗ್ಯ ಕಾರ್ಯಕರ್ತರು ಇರುತ್ತಾರೆ. ಅಲ್ಲಿ ನೋಂದಾಯಿಸಿಕೊಂಡವರಿಗೆ ಅವರ ಭೇಟಿ ಉಚಿತ, ಎಷ್ಟೋ ವೇಳೆ ಅದೇ ದಿನ ಸಿಗುತ್ತದೆ. 5ರಿಂದ 25 ವರ್ಷದೊಳಗಿನವರಿಗೆ ಗಂಬೂಟ್ ಫ್ರೈಡೇ ಯೋಜನೆಯಡಿ ಉಚಿತ ಆಪ್ತಸಮಾಲೋಚನೆಯಿದೆ. ಅನೇಕ ಸಂಸ್ಥೆಗಳು ಉದ್ಯೋಗಿಗಳಿಗೆ ಕೆಲವು ಉಚಿತ ಭೇಟಿಗಳನ್ನು ಕೊಡುತ್ತವೆ, ಅಲ್ಲಿ ಆಡಿದ ಮಾತು ಮೇಲಧಿಕಾರಿಗೆ ಹೋಗುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೊಳಗಾದವರ ಚಿಕಿತ್ಸೆಯ ವೆಚ್ಚವನ್ನು ಎಸಿಸಿ ಭರಿಸುತ್ತದೆ. ಏಷ್ಯನ್ ಫ್ಯಾಮಿಲಿ ಸರ್ವಿಸಸ್ ಹಿಂದಿಯೂ ಸೇರಿದಂತೆ ಹಲವು ಏಷ್ಯಾದ ನುಡಿಗಳಲ್ಲಿ ನೆರವಾಗುತ್ತದೆ.

ಇಷ್ಟೆಲ್ಲ ಇದ್ದೂ ಕಂದಕವಿದೆ. 2018ರ ‘ಹೇ ಆರಾ ಒರಾಂಗಾ’ ಎಂಬ ಸರ್ಕಾರಿ ವಿಚಾರಣಾ ವರದಿ ಅದನ್ನು ಬಿಚ್ಚಿಟ್ಟಿತು. ವರ್ಷಕ್ಕೆ ಐವರಲ್ಲಿ ಒಬ್ಬರು ಮಾನಸಿಕ ತೊಂದರೆಗೆ ಒಳಗಾಗುವ ದೇಶದಲ್ಲಿ ತಜ್ಞ ಸೇವೆಗಳನ್ನು ಅತಿ ತೀವ್ರ ಸ್ಥಿತಿಯ ಶೇಕಡಾ 3ರಷ್ಟು ಜನರನ್ನು ಗುರಿಯಾಗಿಟ್ಟು ರೂಪಿಸಲಾಗಿತ್ತು. ನಡುವಿನವರು ಎಲ್ಲಿಗೆ ಹೋಗಬೇಕು? 2019ರ ಬಜೆಟ್ಟು ಮಾನಸಿಕ ಆರೋಗ್ಯಕ್ಕೆ 190 ಕೋಟಿ ಡಾಲರ್ ತೆಗೆದಿಟ್ಟಿತು. ಜಿಪಿಯ ಬಳಿ ಕೂತ ಆ ಕಾರ್ಯಕರ್ತರು ಅದರ ಫಲ. ಆದರೂ ತಜ್ಞರಿಗಾಗಿ ಕಾಯುವ ಸಾಲು ಕರಗಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಉಚಿತವಾಗಿ ನೀರು ಕೊಟ್ಟು, ಹೊಗೆಯಾಡುವಾಗ ನೀರಿಗೆ ಬೆಲೆ ಕಟ್ಟುವ ವ್ಯವಸ್ಥೆಯಿದು.

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ಅನುಭವವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರು ಮತ್ತು ಕಾರ್ಯಕರ್ತರೇ ತರಬೇತಿ ಪಡೆದು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನೆರವು ಅಗ್ಗವಾಗುವುದು ಹತ್ತಿರವಾದಾಗ ಎಂಬುದು ಬಳ್ಳಾರಿಯ ಪಾಠ. ಡಾ. ಸಿ. ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ದಶಕಗಳ ಕಾಲ ಕನ್ನಡದಲ್ಲಿ ಬರೆದು, ಸಂಕಟಕ್ಕೆ ‘ಹುಚ್ಚು’ ಎಂಬುದಲ್ಲದೆ ಬೇರೆ ಪದಗಳನ್ನೂ ಮನೆಮನೆಗೆ ಮುಟ್ಟಿಸಿದರು. ಊರಲ್ಲಿರುವ ತಂದೆ ತಾಯಿಯರ ಚಿಂತೆಯಿದ್ದವರು 14416 ಎಂಬ ಸಂಖ್ಯೆಯನ್ನು ಅವರಿಗೆ ಬರೆಸಿಡಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆ ಭಾರತದಲ್ಲಿ ಉಚಿತ, ಕನ್ನಡದಲ್ಲೂ ಸಿಗುತ್ತದೆ.

ಮಾವೊರಿ ಚಿಂತಕ ಮೇಸನ್ ಡ್ಯೂರಿ 1980ರ ದಶಕದಲ್ಲಿ ಆರೋಗ್ಯವನ್ನು ನಾಲ್ಕು ಗೋಡೆಗಳ ಮನೆಯಾಗಿ ಕಂಡರು. ದೇಹ, ಮನಸ್ಸು, ಆತ್ಮ ಮತ್ತು ಕುಟುಂಬ. ವಲಸೆ ಬಂದವರ ನಾಲ್ಕನೆಯ ಗೋಡೆ ಸಮುದ್ರದಾಚೆ ಉಳಿದಿರುತ್ತದೆ. ಅದನ್ನು ಇಲ್ಲಿ ಕಟ್ಟಿಕೊಡಬಲ್ಲದ್ದು ಕನ್ನಡ ಕೂಟ. ರಾಜ್ಯೋತ್ಸವದ ಊಟಕ್ಕೆ ಪಟ್ಟಿ ಮಾಡುವ ಶಿಸ್ತಿನಲ್ಲೇ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ, ಆಸ್ಪತ್ರೆಗೆ ಜೊತೆ ಹೋಗುವ, ಮಗುವನ್ನು ನೋಡಿಕೊಳ್ಳುವ ಹತ್ತು ಮಂದಿಯ ಪಟ್ಟಿಯೊಂದು ಸಿದ್ಧವಿರಲಿ. ಕೇಳಿದ್ದನ್ನು ಹೊರಗೆ ಆಡುವುದಿಲ್ಲವೆಂಬುದು ಅವರ ಮೊದಲ ಕರಾರು. ಬಾಣಂತಿಗೆ ಬಿಸಿ ಸಾರು ತಲುಪಿಸುವುದು, ಜಿಪಿಯ ಬಳಿ ಜೊತೆಗೆ ಕೂರುವುದು, ಕನ್ನಡ ದುಭಾಷಿಗಳಾಗಿ ತರಬೇತಿ ಪಡೆಯಲು ಇಬ್ಬರು ಮುಂದೆ ಬರುವುದು, ಕಾಯುವ ಸಾಲಿನ ಬಗ್ಗೆ ಸಂಸದರಿಗೆ ಪತ್ರ ಬರೆಯುವುದು, ಇವೆಲ್ಲ ಒಂದೇ ಕೆಲಸದ ಭಾಗಗಳು. ಈ ಸಭೆ ಮುಗಿಯುವ ಮುನ್ನ ಆ ಪಟ್ಟಿಯ ಮೊದಲ ಹೆಸರುಗಳು ಕಾಗದದ ಮೇಲೆ ಬೀಳಲಿ.